ಉಳ್ಳಾಗಡ್ಡಿ ಸಿಪ್ಪಿಯೊಳಗ ಸೆಲ್ ಮೆಂಬ್ರೇನ್ ಕೆಲಸಾ ಮಾಡೂದು ನೋಡೂದ್ ಹೆಂಗ

ಪಿಯುಸಿ ಹುಡುಗರನ್ನ ಸೆಲ್ ಮೆಂಬ್ರೇನ್ (ಜೀವಕೋಶದ ಸುತ್ತಲಿನ ತೆಳ್ಳನ ಹೊದಿಕಿ) ಅಂದ್ರ ಏನ್ರಿಪಾ ಅಂತ ಕೇಳ್ರಿ, ಎರಡು ಸಾಲು ಗುಂಡು, ಒಂದೊಂದಕ್ಕ ಎರಡೆರಡು ಬಾಲ, ಪಟ್ನ ಚಿತ್ರ ತಗದು ಕೊಡ್ತಾರ. ಚಿತ್ರ ಖರೇನ ಐತಿ. ಆದ್ರ ಅದನ್ನ ಲ್ಯಾಬಿನ್ಯಾಗ ಹುಡುಕಿದ್ರ ಸಿಗೂದಿಲ್ಲ, ಅದರ ದಪ್ಪ ಸುಮಾರು 7-8 ನ್ಯಾನೋಮೀಟರ್, ಕಾಲೇಜಿನ ಮೈಕ್ರೋಸ್ಕೋಪಿಗೆ 200 ನ್ಯಾನೋಮೀಟರಿಗಿಂತ ಸಣ್ಣದು ಬಿಡಿಸಿ ಕಾಣೂದ ಇಲ್ಲ. ಹಂಗಾಗಿ ಅದು ಯಾರನ್ನ ದಾಟಾಕ ಬಿಡ್ತೈತಿ, ಯಾರನ್ನ ತಡೀತೈತಿ ಅನ್ನೂದರ ಮ್ಯಾಲೆ ಅದನ್ನ ಹಿಡೀಬೇಕು.

ಪ್ರಾಕ್ಟಿಕಲ್ಸಿಗೆ ರಿಯೋ ಎಲಿ ಅಂತಾರ, ಕೆಳಗ ನೇರಳೆ ಬಣ್ಣ ಇರ್ತೈತಲ್ಲ ಅದು. ಸಿಗಲಿಲ್ಲಂದ್ರ ಬಿಡ್ರಿ, ಗದಗ ಕಡಿಂದ ಹುಬ್ಬಳ್ಳಿ ಎಪಿಎಂಸಿಗೆ ಬರೂ ಕೆಂಪ್ ಉಳ್ಳಾಗಡ್ಡಿ ಸಾಕು. ಮ್ಯಾಲಿನ ಒಣಾ ಸಿಪ್ಪಿ ಒಗದು, ಒಳಗಿನ ರಸಾ ಇರೂ ಪದರ ತಗೋರಿ, ಅದರ ಹೊರಗಿನ ಮೈ ಮ್ಯಾಲೆ ಬಣ್ಣ ಇರ್ತೈತಿ, ಒಳಗಿನ ಮೈ ಬೆಳ್ಳಗ. ಬಣ್ಣದ ಕಡಿಂದನ ತೆಳ್ಳಗ ಪೊರಿ ಸುಲೀಬೇಕು, ಇಲ್ಲಂದ್ರ ಏನೂ ಗೊತ್ತಾಗೂದಿಲ್ಲ. ಸ್ಲೈಡಿನ ಮ್ಯಾಲೆ ಒಂದ್ ಹನಿ ನೀರು, ಅದರಾಗ ಪೊರಿ, ಮ್ಯಾಲೆ ಕವರ್‌ಸ್ಲಿಪ್. ಮೊದಲ 10 ಪಟ್ಟಿನ ಲೆನ್ಸಿನ್ಯಾಗ ನೋಡ್ರಿ, ಗುಲಾಬಿ ಬಣ್ಣ ಸೆಲ್ಲಿನ ಹೊರಗಿನ ಗ್ವಾಡಿತನಕ ಹರಡಿರ್ತೈತಿ.

ಈಗ 100 ಎಂಎಲ್ ನೀರಿಗೆ ಸುಮಾರು 5 ಗ್ರಾಂ ಉಪ್ಪು ಕರಗಿಸ್ರಿ. ಕವರ್‌ಸ್ಲಿಪ್ಪಿನ ಒಂದ್ ಬದಿಗೆ ಈ ನೀರು ಒಂದೆರಡು ಹನಿ ಬಿಟ್ಟು, ಎದುರಿನ ಬದಿಯಿಂದ ಫಿಲ್ಟರ್ ಪೇಪರ್ ಹಚ್ಚಿ ಎಳೀರಿ, ಸ್ಲೈಡ್ ಅಲಗಾಡಬಾರದು. ಸ್ವಲ್ಪ ತಡೀರಿ. ಬಣ್ಣದ ಮುದ್ದಿ ಗ್ವಾಡಿ ಬಿಟ್ಟು ಒಳಕ್ಕ ಸರಿಯಾಕ ಹತ್ತತೈತಿ, ಬಣ್ಣ ಇನ್ನೂ ಗಾಢ ಆಗ್ತೈತಿ. ಇದ ಪ್ಲಾಸ್ಮೋಲಿಸಿಸ್. ಇಲ್ಲಿ ಲಕ್ಷ ಕೊಡ್ರಿ: ನೀರು ಹೊರಗ ಹೋತು, ಬಣ್ಣ ಹೋಗಲಿಲ್ಲ. ಗ್ವಾಡಿ ಅಲ್ಲೇ ನಿಂತೈತಿ, ಅದು ಎಲ್ಲಾರನ್ನೂ ಬಿಡ್ತೈತಿ, ಅದಕ್ಕ ಗ್ವಾಡಿಗೂ ಮುದ್ದಿಗೂ ನಡುವಿನ ಖಾಲಿ ಜಾಗಾದಾಗ ಉಪ್ಪಿನ ನೀರ ತುಂಬಿರ್ತೈತಿ. ವೈವಾದಾಗ ಭಾಳ ಮಂದಿ 'ಗಾಳಿ' ಅಂತ ಹೇಳಿ ಸಿಕ್ಕೋತಾರ.

ಬಣ್ಣದ ಅಂಚು ಅಂದ್ರ ಮೆಂಬ್ರೇನ್ ಅಂತ ಬರೀಬ್ಯಾಡ್ರಿ ಮತ್ತ, ಬಣ್ಣ ಇರೂದು ವ್ಯಾಕ್ಯೂಲಿನ್ಯಾಗ (ಸೆಲ್ಲಿನ ಒಳಗಿನ ರಸದ ಚೀಲ), ಅದಕ್ಕ ಅದರದ ಬ್ಯಾರೆ ಮೆಂಬ್ರೇನ್ ಐತಿ, ಹೊರಗಿನದು ಇನ್ನೊಂದು, ಎರಡೂ ನೀರಿಗೆ ದಾರಿ ಕೊಡ್ತಾವು. ನೀರು ಹಂಗ ದಬದಬ ಹೋಗಾಕ ಅಕ್ವಾಪೋರಿನ್ ಅನ್ನೂ ಪ್ರೋಟೀನ್ ಬೇಕು, ಅದನ್ನ ಕಂಡುಹಿಡಿದಿದ್ದಕ್ಕ ಪೀಟರ್ ಆಗ್ರೆಗೆ 2003ರಾಗ ನೊಬೆಲ್ ಸಿಕ್ತು. ಆಕ್ಸಿಜನ್ ಲಿಪಿಡ್ (ಚಿತ್ರದಾಗಿನ ಬಾಲದ ಗುಂಡು, ಕೊಬ್ಬಿನ ಜಾತಿ) ದಾಟಿ ನೆಟ್ಟಗ ಹೋಗ್ತೈತಿ, ಸೋಡಿಯಂಗೂ ಗ್ಲುಕೋಸಿಗೂ ಪ್ರೋಟೀನಿನ ಬಾಗಲಾನ ಬೇಕು. ಸಿಂಗರ್, ನಿಕೋಲ್ಸನ್ 1972ರಾಗ ಕೊಟ್ಟ ಫ್ಲೂಯಿಡ್ ಮೋಸಾಯಿಕ್ ಮಾಡೆಲ್ ಇದನ್ನ ಹೇಳ್ತೈತಿ, ಲಿಪಿಡ್ ಪದರ ಹರದಾಡ್ತಿರ್ತೈತಿ, ಅದರಾಗ ಪ್ರೋಟೀನ್ ತೇಲ್ತಿರ್ತಾವು.

ಟೈಮ್ ಇದ್ರ ಉಪ್ಪಿನ ನೀರು ತಗದು ಸಾದಾ ನೀರು ಬಿಡ್ರಿ, ಮುದ್ದಿ ವಾಪಸ್ ಉಬ್ಬತೈತಿ. ಭಾಳ ಹೊತ್ತು ಉಪ್ಪಿನ್ಯಾಗ ಬಿಟ್ರ ಸೆಲ್ ಸಾಯ್ತೈತಿ, ಆಮ್ಯಾಲೆ ಉಬ್ಬೂದಿಲ್ಲ. (ರೊಟ್ಟಿ ಜೋಡಿ ಉಳ್ಳಾಗಡ್ಡಿ ಪಚಡಿ ಮಾಡುವಾಗ ಉಪ್ಪು ಊಟದ ಹೊತ್ತಿಗೆ ಹಾಕ್ರಿ, ಮೊದಲ ಹಾಕಿದ್ರ ಬಟ್ಟಲ ತುಂಬ ನೀರು.)

ಮೆಂಬ್ರೇನ್ ಒಡದ್ರ ಏನಾಗ್ತೈತಿ ನೋಡಬೇಕಂದ್ರ ಬೀಟ್‌ರೂಟ್ ತರ್ರಿ. ತುಂಡು ಮಾಡಿ ಚಲೋ ತೊಳೀರಿ, ಕತ್ತರಿಸಿದ ಸೆಲ್ಲಿನ ಬಣ್ಣ ಹೋಗಲಿ. ಒಂದು ತಣ್ಣೀರಿಗೆ, ಒಂದು 70 ಡಿಗ್ರಿ ಬಿಸಿನೀರಿಗೆ, ಒಂದು ಸ್ಪಿರಿಟ್ಟಿಗೆ. ತಣ್ಣೀರು ಹೆಚ್ಚೂಕಮ್ಮಿ ತಿಳಿಯಾಗಿರ್ತೈತಿ, ಉಳಿದೆರಡೂ ಕೆಂಪ್. ಕಾವಿಗೆ ಪ್ರೋಟೀನ್ ಕೆಡ್ತಾವು, ಲಿಪಿಡ್ ಪದರ ಸಡ್ಲಾಗ್ತೈತಿ, ಸ್ಪಿರಿಟ್ ಆ ಲಿಪಿಡ್ಡನ್ನ ಕರಗಿಸ್ತೈತಿ, ಬಣ್ಣ ತಡಿಯಾಕ ಯಾರೂ ಇಲ್ಲ. ಸ್ಪಿರಿಟ್ ಬಟ್ಟಲಾ ಒಲಿ ಹತ್ರ ಇಡಬ್ಯಾಡ್ರಿ, ಪಟ್ಟನ ಹತ್ತತೈತಿ. ಮೈಕ್ರೋಸ್ಕೋಪಿನ ಲೆನ್ಸಿಗೆ ಉಪ್ಪಿನ ನೀರು ತಾಗಿದ್ರ ಒಣಗಾಕ ಬಿಡದ ಅವಾಗ ಒರಸ್ರಿ.