ಹಳೆಯ ಭಯಾನಕ ಚಿತ್ರದ ಸಾಕ್ಷ್ಯಚಿತ್ರದಲ್ಲಿ ಯಾರ ಮಾತಿಗೆ ಜಾಗ ಕೊಡಬೇಕು?

ಹಳೆಯ ಭಯಾನಕ ಚಿತ್ರವೊಂದರ ಬಗ್ಗೆ ಸಾಕ್ಷ್ಯಚಿತ್ರ ಮಾಡಹೊರಟವರು ಸಾಮಾನ್ಯವಾಗಿ ಮೊದಲು ಸಂದರ್ಶನ ಕೊಡುವವರ ಪಟ್ಟಿಯನ್ನು ಸಿದ್ಧಪಡಿಸುತ್ತಾರೆ. ಅದಕ್ಕೂ ಮುನ್ನ ಮೂಲ ಚಿತ್ರವನ್ನು ಧ್ವನಿಯಿಲ್ಲದೆ ಒಮ್ಮೆ ನೋಡಿ, ಯಾರು ಯಾರ ಮೇಲೆ ಕೈ ಮಾಡುತ್ತಾರೆ, ಯಾರು ಸಾಯುತ್ತಾರೆ, ಯಾರು ಸುಮ್ಮನೆ ಕುಳಿತಿರುತ್ತಾರೆ ಎಂಬುದನ್ನು ದೃಶ್ಯವಾರು ಬರೆದಿಟ್ಟುಕೊಳ್ಳಿ. ಯಾರನ್ನು ಮಾತನಾಡಿಸಬೇಕು ಎಂಬುದು ಆ ಟಿಪ್ಪಣಿಯಿಂದಲೇ ಹೊರಡಬೇಕು.

ಜಾರ್ಜ್ ರೊಮೆರೊ ಅವರ 'ನೈಟ್ ಆಫ್ ದಿ ಲಿವಿಂಗ್ ಡೆಡ್' (1968) ಚಿತ್ರವನ್ನೇ ತೆಗೆದುಕೊಳ್ಳೋಣ. ತೋಟದ ಮನೆಯೊಂದರಲ್ಲಿ ಸಿಕ್ಕಿಕೊಂಡವರ ಪೈಕಿ ಬೆನ್ ಒಬ್ಬನೇ ಕಪ್ಪು ವರ್ಣೀಯ. ಆ ಪಾತ್ರವನ್ನು ಮಾಡಿದವರು ಡ್ವೇನ್ ಜೋನ್ಸ್. ಮತ್ತೆ ಎದ್ದು ಮನುಷ್ಯರ ಮೇಲೆ ಬೀಳುವ ಶವಗಳ ದಾಳಿಯನ್ನು ರಾತ್ರಿಯಿಡೀ ಎದುರಿಸಿ ಬದುಕುಳಿದ ಬೆನ್‌ನನ್ನು, ಬೆಳಗಾದ ಮೇಲೆ ಬಂದೂಕು ಹಿಡಿದು ಬಂದ ಬಿಳಿಯರ ಗುಂಪು ಅಂಥದೇ ಒಂದು ಶವವೆಂದು ಭಾವಿಸಿ ಗುಂಡಿಕ್ಕಿ ಕೊಲ್ಲುತ್ತದೆ. ಕೊನೆಗೆ ಉಳಿಯುವುದು ಕೊಕ್ಕೆ ಹಿಡಿದ ಗಂಡಸರು ಅವನ ದೇಹವನ್ನು ಸುಡಲು ಒಯ್ಯುವ ಒರಟು ಸ್ಥಿರಚಿತ್ರಗಳು.

ಪಾತ್ರದ ಆಯ್ಕೆಗೆ ಬಂದವರಲ್ಲಿ ಜೋನ್ಸ್ ಅವರೇ ಉತ್ತಮ ನಟರಾಗಿದ್ದರು, ಅವರ ಬಣ್ಣಕ್ಕಾಗಿ ಚಿತ್ರಕಥೆಯನ್ನು ಬದಲಿಸಲಿಲ್ಲ ಎಂದು ರೊಮೆರೊ ಹಲವು ಸಲ ಹೇಳಿದ್ದಾರೆ. ಈ ಮಾತನ್ನು ಸಾಕ್ಷ್ಯಚಿತ್ರದಲ್ಲಿ ಖಂಡಿತ ಇಡಬೇಕು. ಆದರೆ ಅಲ್ಲಿಗೇ ನಿಂತರೆ ನಿರ್ದೇಶಕರ ಉದ್ದೇಶವೇ ಚಿತ್ರದ ಅರ್ಥ ಎಂದು ಒಪ್ಪಿಕೊಂಡಂತಾಗುತ್ತದೆ. ಬಿಳಿಯ ಹೆಣ್ಣಿಗೆ ಕಪ್ಪು ಗಂಡಸು ಹೊಡೆಯುವ ದೃಶ್ಯದ ಬಗ್ಗೆ ಜೋನ್ಸ್ ಅವರಿಗೆ ಅಳುಕಿತ್ತು ಎಂದು ನೆನಪಿಸಿಕೊಂಡವರೂ ರೊಮೆರೊ ಅವರೇ. ಈ ಎರಡು ಮಾತುಗಳನ್ನು ಒಂದರ ಪಕ್ಕ ಇನ್ನೊಂದನ್ನು ಇಟ್ಟು ಸಂಕಲನ ಮಾಡಿದಾಗ, ಬಣ್ಣವನ್ನು ಮರೆಯುವ ಅನುಕೂಲ ಆ ತಂಡದಲ್ಲಿ ಯಾರಿಗಿತ್ತು, ಯಾರಿಗಿರಲಿಲ್ಲ ಎಂಬುದು ನಿರೂಪಕನ ವಿವರಣೆಯಿಲ್ಲದೆಯೇ ತಿಳಿಯುತ್ತದೆ. ಕಾಲಕ್ರಮದಲ್ಲಿಯೂ ಎಚ್ಚರ ಬೇಕು: ಚಿತ್ರೀಕರಣ ನಡೆದದ್ದು 1967ರಲ್ಲಿ, ಕಪ್ಪು ವರ್ಣೀಯರ ಹಕ್ಕುಗಳಿಗಾಗಿ ಹೋರಾಡಿದ ಮಾರ್ಟಿನ್ ಲೂಥರ್ ಕಿಂಗ್ ಹತ್ಯೆಯಾದದ್ದು 1968ರ ಏಪ್ರಿಲ್ 4ರಂದು, ಚಿತ್ರ ತೆರೆಕಂಡದ್ದು ಅದೇ ವರ್ಷದ ಅಕ್ಟೋಬರ್‌ನಲ್ಲಿ. ಆದ್ದರಿಂದ ಆ ಹತ್ಯೆ ಚಿತ್ರಕ್ಕೆ ಪ್ರೇರಣೆಯಲ್ಲ. ಪ್ರೇಕ್ಷಕರು ಚಿತ್ರವನ್ನು ನೋಡಿದ ಬಗೆಯನ್ನು ಬದಲಿಸಿದ ಘಟನೆ.

ಜೋನ್ಸ್ 1988ರಲ್ಲಿ ತೀರಿಕೊಂಡರು. ಇಂಥ ಕಡೆ ಬದುಕಿರುವ ಸಹೋದ್ಯೋಗಿಗಳ ನೆನಪುಗಳಿಂದ ಅವರ ಜಾಗವನ್ನು ತುಂಬಿಬಿಡುವ ಆಸೆ ಸಹಜವಾದರೂ, ಅವರದೇ ಧ್ವನಿಯ ಮುದ್ರಣವನ್ನು ಹುಡುಕಿ, ಅದು ಎಷ್ಟೇ ಚಿಕ್ಕದಿದ್ದರೂ ಕತ್ತರಿಸದೆ ಬಳಸುವುದು ನ್ಯಾಯ.

ಅತಿಥಿಗಳನ್ನು ಕರೆದ ಮೇಲೆ ಕೇಳುವ ಪ್ರಶ್ನೆಗಳೂ ಮುಖ್ಯ. ಕಪ್ಪು ವರ್ಣೀಯ ವಿದ್ವಾಂಸರನ್ನು ವರ್ಣಭೇದದ ಬಗ್ಗೆ ಮಾತ್ರ ಕೇಳಿ, ಬೆಳಕು, ಧ್ವನಿ, ಸಂಕಲನದ ಪ್ರಶ್ನೆಗಳನ್ನೆಲ್ಲ ಬಿಳಿಯ ತಂತ್ರಜ್ಞರಿಗೆ ಮೀಸಲಿಟ್ಟರೆ, ಮುಖಕ್ಕೆ ಜಾಗ ಸಿಕ್ಕಿತೇ ಹೊರತು ತಿಳಿವಳಿಕೆಗೆ ಸಿಗಲಿಲ್ಲ. ರಾಬಿನ್ ಮೀನ್ಸ್ ಕೋಲ್ಮನ್ ಅವರ ಅಧ್ಯಯನವನ್ನು ಆಧರಿಸಿದ 'ಹಾರರ್ ನುವಾರ್' (2019) ಸಾಕ್ಷ್ಯಚಿತ್ರದಲ್ಲಿ ಕಪ್ಪು ವರ್ಣೀಯ ನಟರು, ನಿರ್ದೇಶಕರು, ವಿದ್ವಾಂಸರು ಈ ಪ್ರಕಾರದ ಚರಿತ್ರೆಯನ್ನೇ ಹೇಳುತ್ತಾರೆ. ಪ್ರಶ್ನೆಗಳನ್ನು ಬರೆಯುವ ಮುನ್ನ ಅದನ್ನು ನೋಡಬೇಕು. ಹಾಗೆಯೇ, ಚಿತ್ರದ ಬಹುಭಾಗ ದಿಗ್ಭ್ರಮೆಯಿಂದ ಕುಳಿತೇ ಇರುವ ಬಾರ್ಬರಾ ಪಾತ್ರವನ್ನು ದುರ್ಬಲವೆಂದು ತಳ್ಳಿಹಾಕದೆ, ಆ ಸ್ಥಿತಿಯನ್ನು ಜೂಡಿತ್ ಓಡೀ ಹೇಗೆ ಅಭಿನಯಿಸಿದರು ಎಂಬುದಕ್ಕೆ ಸಮಯ ಕೊಡಿ. 1990ರ ಮರುನಿರ್ಮಾಣಕ್ಕೆ ರೊಮೆರೊ ಅವರೇ ಬರೆದ ಚಿತ್ರಕಥೆಯಲ್ಲಿ ಬಾರ್ಬರಾ ಕೋವಿ ಹಿಡಿದು ಹೋರಾಡುತ್ತಾಳೆ. ಎರಡನ್ನೂ ಹೋಲಿಸಿದರೆ ಚರ್ಚೆಗೆ ಗಟ್ಟಿ ಆಧಾರ ಸಿಗುತ್ತದೆ.

ಕರಡು ಸಂಕಲನ ಮುಗಿದಾಗ ಯಾರಿಗೆ ಎಷ್ಟು ನಿಮಿಷ ಸಿಕ್ಕಿದೆ ಎಂದು ಲೆಕ್ಕ ಹಾಕಿ. ಅದಕ್ಕಿಂತ ಮುಖ್ಯವಾಗಿ, ಬೆನ್‌ನ ಸಾವನ್ನು ಯಾರು ವ್ಯಾಖ್ಯಾನಿಸುತ್ತಿದ್ದಾರೆ ಎಂದು ನೋಡಿ. ಶೀರ್ಷಿಕೆ ಬದಲಿಸುವಾಗ ಹಕ್ಕುಸ್ವಾಮ್ಯದ ಸೂಚನೆ ಬಿಟ್ಟುಹೋದ ಕಾರಣ ಈ ಚಿತ್ರ ಅಮೆರಿಕದಲ್ಲಿ ಸಾರ್ವಜನಿಕ ಸ್ವತ್ತಾಗಿದೆ. ಹೀಗಾಗಿ ಅಲ್ಲಿ ದೃಶ್ಯಗಳನ್ನು ಧಾರಾಳವಾಗಿ ಬಳಸಬಹುದು. ಆ ಕೊನೆಯ ಸ್ಥಿರಚಿತ್ರಗಳನ್ನು ಮೊದಲು ಯಾರ ಮಾತೂ ಬೆರೆಯದಂತೆ ಪೂರ್ತಿಯಾಗಿ ತೋರಿಸಿ, ವ್ಯಾಖ್ಯಾನವನ್ನು ಆಮೇಲೆ ತನ್ನಿ.