ಲಿವರ್ ರಿಪೋರ್ಟ್‌ನಲ್ಲಿ ಅಂಕಿ ಏರಿದ್ದರೆ ಓದುವ ಬಗೆ

ಎಲ್‌ಎಫ್‌ಟಿ, ಅಂದರೆ ಲಿವರ್ ಫಂಕ್ಷನ್ ಟೆಸ್ಟ್ ಎಂಬ ರಕ್ತಪರೀಕ್ಷೆಯ ರಿಪೋರ್ಟ್ ಕೈಗೆ ಬಂದ ಕೂಡಲೇ ಕಣ್ಣು ಹೋಗುವುದು ದಪ್ಪ ಅಕ್ಷರದಲ್ಲಿ ಅಚ್ಚಾದ ಅಂಕಿಯ ಮೇಲೆ. ಆದರೆ ಎಸ್‌ಜಿಪಿಟಿ ಎಂಬ ಲಿವರ್ ಕಿಣ್ವ 62 ಇದ್ದರೂ ಲ್ಯಾಬಿನವರು ಹಾಕುವುದು ಅದೇ ಗುರುತು, 620 ಇದ್ದರೂ ಅದೇ ಗುರುತು. ಇನ್ನೊಂದು ಕಡೆ, ಸಿರೋಸಿಸ್ ಆಗಿ ಲಿವರ್ ಗಂಟುಗಂಟಾದವರಲ್ಲೂ ಎಸ್‌ಜಿಪಿಟಿ 35 ಇರಬಹುದು, ಅಲ್ಲಿ ಯಾವ ಗುರುತೂ ಬೀಳುವುದಿಲ್ಲ. ಹಾಗಾಗಿ ಗುರುತನ್ನು ಬಿಟ್ಟು ಮೂರು ವಿಷಯ ನೋಡಿ: ಯಾವ ಗುಂಪಿನ ಅಂಕಿ ಏರಿದೆ, ಎಷ್ಟು ಪಟ್ಟು ಏರಿದೆ, ಲಿವರ್ ತನ್ನ ಕೆಲಸ ಮಾಡುತ್ತಿದೆಯೇ.

ಮೊದಲು ಗುಂಪು ಮಾಡಿ

ಎಸ್‌ಜಿಒಟಿ ಮತ್ತು ಎಸ್‌ಜಿಪಿಟಿ (ಕೆಲವು ರಿಪೋರ್ಟ್‌ಗಳಲ್ಲಿ ಎಎಸ್‌ಟಿ, ಎಎಲ್‌ಟಿ) ಜೀವಕೋಶದ ಒಳಗಿರಬೇಕಾದ ಕಿಣ್ವಗಳು. ಕೋಶಕ್ಕೆ ಪೆಟ್ಟು ಬಿದ್ದಾಗ ಸೋರಿ ರಕ್ತಕ್ಕೆ ಬರುತ್ತವೆ. ಎಎಲ್‌ಪಿ ಮತ್ತು ಜಿಜಿಟಿ ಪಿತ್ತ ಹರಿಯುವ ದಾರಿಯ ಸುದ್ದಿ ಹೇಳುತ್ತವೆ. ಲಿವರ್ ನಿಜಕ್ಕೂ ಎಷ್ಟು ಕೆಲಸ ಮಾಡುತ್ತಿದೆ ಎಂದು ತಿಳಿಸುವುದು ಬಿಲಿರುಬಿನ್ (ಕಾಮಾಲೆಯ ಹಳದಿ ಬಣ್ಣ), ಆಲ್ಬುಮಿನ್ (ಲಿವರ್ ತಯಾರಿಸುವ ಪ್ರೋಟೀನ್) ಮತ್ತು ಪಿಟಿ-ಐಎನ್‌ಆರ್ (ರಕ್ತ ಹೆಪ್ಪುಗಟ್ಟಲು ಹಿಡಿಯುವ ಸಮಯದ ಅಳತೆ). ಬೇಸರದ ಸಂಗತಿ ಎಂದರೆ, ಐಎನ್‌ಆರ್ ಸಾಮಾನ್ಯವಾಗಿ ಎಲ್‌ಎಫ್‌ಟಿ ಪ್ಯಾಕೇಜಿನಲ್ಲಿ ಇರುವುದೇ ಇಲ್ಲ, ಬೇರೆಯಾಗಿ ಬರೆಸಬೇಕು. ಕಾಮಾಲೆ ಇದ್ದವರು ಇದನ್ನು ಮಾಡಿಸದೆ ಬಿಡಬಾರದು.

ಈಗ ಪ್ರತಿ ಅಂಕಿಯನ್ನು ಅದೇ ರಿಪೋರ್ಟ್‌ನಲ್ಲಿ ಕೊಟ್ಟಿರುವ ಮೇಲ್ಮಿತಿಯಿಂದ ಭಾಗಿಸಿ. ಎಸ್‌ಜಿಪಿಟಿ 410, ಮೇಲ್ಮಿತಿ 40 ಎಂದರೆ 10.25 ಪಟ್ಟು. ಎಎಲ್‌ಪಿ 156, ಮೇಲ್ಮಿತಿ 130 ಎಂದರೆ 1.2 ಪಟ್ಟು. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿದರೆ ಸುಮಾರು 8.5. ಈ ಭಾಗಲಬ್ಧ 5ಕ್ಕಿಂತ ಹೆಚ್ಚಿದ್ದರೆ ಪೆಟ್ಟು ಬಿದ್ದಿರುವುದು ಲಿವರ್ ಕೋಶಕ್ಕೆ, 2ಕ್ಕಿಂತ ಕಡಿಮೆ ಇದ್ದರೆ ತೊಂದರೆ ಪಿತ್ತದ ಹರಿವಿನದು, ನಡುವೆ ಇದ್ದರೆ ಎರಡೂ ಬೆರೆತಿದೆ. ಮುಂದೆ ಯಾವ ಪರೀಕ್ಷೆ ಬೇಕು ಎಂಬುದು ಬಹುಮಟ್ಟಿಗೆ ಇದರಿಂದಲೇ ತೀರ್ಮಾನವಾಗುತ್ತದೆ.

ಸ್ವಲ್ಪ ಏರಿದ ಎಸ್‌ಜಿಪಿಟಿ

ಹೆಚ್ಚು ಜನರ ರಿಪೋರ್ಟ್‌ನಲ್ಲಿ ಕಾಣುವುದು ಇದು: 50ರಿಂದ 150ರ ಒಳಗೆ, ಬಿಲಿರುಬಿನ್ ಸರಿಯಾಗಿದೆ, ಮೈಯಲ್ಲಿ ಯಾವ ತೊಂದರೆಯೂ ಇಲ್ಲ. ಸೊಂಟದ ಸುತ್ತ ಬೊಜ್ಜು, ಸಕ್ಕರೆ ಕಾಯಿಲೆ, ಏರಿದ ಟ್ರೈಗ್ಲಿಸರೈಡ್ ಇದ್ದವರಲ್ಲಿ ಇದಕ್ಕೆ ಮುಖ್ಯ ಕಾರಣ ಫ್ಯಾಟಿ ಲಿವರ್. ಹಾಗೆಂದು ಅದನ್ನೇ ನಂಬಿ ಕೂರಬೇಡಿ. ಹೆಪಟೈಟಿಸ್ ಬಿ ಮತ್ತು ಸಿ ವರ್ಷಗಟ್ಟಲೆ ಸದ್ದಿಲ್ಲದೆ ಇರುತ್ತವೆ, ಅಂಕಿಯೂ ಇಷ್ಟೇ ಇರುತ್ತದೆ. ಎಚ್‌ಬಿಎಸ್‌ಎಜಿ ಮತ್ತು ಆಂಟಿ-ಎಚ್‌ಸಿವಿ ಪರೀಕ್ಷೆ ಒಮ್ಮೆಯಾದರೂ ಆಗಲೇಬೇಕು. ಹೆಪಟೈಟಿಸ್ ಸಿ ಈಗ ಮಾತ್ರೆಯಿಂದ ಗುಣವಾಗುವ ಕಾಯಿಲೆ. ಗೊತ್ತಾಗದೆ ಉಳಿದರೆ ನಷ್ಟ ದೊಡ್ಡದು.

ಸ್ಕ್ಯಾನಿಂಗ್‌ನಲ್ಲಿ ‘ಫ್ಯಾಟಿ ಲಿವರ್ ಗ್ರೇಡ್ 2’ ಎಂದು ಬರೆದದ್ದನ್ನು ಕಂಡು ಹೆದರುವವರು ಬಹಳ. ಆ ಗ್ರೇಡ್ ಹೇಳುವುದು ಕೊಬ್ಬು ಎಷ್ಟಿದೆ ಎಂದಷ್ಟೇ. ಮುಂದಿನ ಅಪಾಯವನ್ನು ನಿರ್ಧರಿಸುವುದು ಕೊಬ್ಬಲ್ಲ, ಗಾಯ ಮಾಯ್ದ ಹಾಗೆ ಲಿವರ್‌ನಲ್ಲಿ ಕಟ್ಟುವ ಕಲೆ, ಅಂದರೆ ಫೈಬ್ರೋಸಿಸ್. ಅದನ್ನು ಅಂದಾಜು ಮಾಡಲು ವಿಶೇಷ ರಕ್ತಪರೀಕ್ಷೆ ಬೇಡ, ಎಲ್‌ಎಫ್‌ಟಿ, ಪ್ಲೇಟ್‌ಲೆಟ್ ಸಂಖ್ಯೆ ಇರುವ ರಕ್ತಕಣಗಳ (ಸಿಬಿಸಿ) ರಿಪೋರ್ಟ್ ಮತ್ತು ಕ್ಯಾಲ್ಕ್ಯುಲೇಟರ್ ಸಾಕು. ಫಿಬ್-4 ಎಂಬ ಲೆಕ್ಕ ಹೀಗಿದೆ: ವಯಸ್ಸನ್ನು ಎಸ್‌ಜಿಒಟಿಯಿಂದ ಗುಣಿಸಿ. ಎಸ್‌ಜಿಪಿಟಿಯ ವರ್ಗಮೂಲ ತೆಗೆದು ಪ್ಲೇಟ್‌ಲೆಟ್ ಸಂಖ್ಯೆಯಿಂದ ಗುಣಿಸಿ. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿ. ಜನ ಎಡವುವುದು ಪ್ಲೇಟ್‌ಲೆಟ್ ಹತ್ತಿರ. ನಮ್ಮ ಲ್ಯಾಬ್‌ಗಳು ಅದನ್ನು ಲಕ್ಷದಲ್ಲಿ ಕೊಡುತ್ತವೆ, ಇಲ್ಲಿ 2.1 ಲಕ್ಷವನ್ನು 210 ಎಂದು ಹಾಕಬೇಕು. 52 ವರ್ಷ, ಎಸ್‌ಜಿಒಟಿ 58, ಎಸ್‌ಜಿಪಿಟಿ 81, ಪ್ಲೇಟ್‌ಲೆಟ್ 2.1 ಲಕ್ಷ ಎಂದಿಟ್ಟುಕೊಳ್ಳಿ. 52 ಗುಣಿಸು 58 ಎಂದರೆ 3016. 81ರ ವರ್ಗಮೂಲ 9, ಅದನ್ನು 210ರಿಂದ ಗುಣಿಸಿದರೆ 1890. ಉತ್ತರ ಸುಮಾರು 1.6.

1.3ಕ್ಕಿಂತ ಕಡಿಮೆ ಬಂದರೆ ಗಟ್ಟಿ ಫೈಬ್ರೋಸಿಸ್ ಇರುವ ಸಾಧ್ಯತೆ ಕಡಿಮೆ. 2.67 ದಾಟಿದರೆ ಲಿವರ್ ತಜ್ಞರನ್ನು ಕಾಣಬೇಕು. ನಡುವೆ ಬಂದವರಿಗೆ ಲಿವರ್ ಎಷ್ಟು ಗಟ್ಟಿಯಾಗಿದೆ ಎಂದು ಅಳೆಯುವ ಫೈಬ್ರೋಸ್ಕ್ಯಾನ್ ಬೇಕು, ಅದರಲ್ಲಿ 8 ಕಿಲೋಪ್ಯಾಸ್ಕಲ್‌ಗಿಂತ ಕಡಿಮೆ ಬಂದರೆ ಸಮಾಧಾನ. 65 ದಾಟಿದವರಿಗೆ ಕೆಳಗಿನ ಮಿತಿ 1.3 ಅಲ್ಲ, 2. ಜ್ವರ ಬಂದು ಪ್ಲೇಟ್‌ಲೆಟ್ ಇಳಿದಿರುವ ವಾರದಲ್ಲಿ ಈ ಲೆಕ್ಕ ಹಾಕಬೇಡಿ, ಉತ್ತರ ತಪ್ಪು ಬರುತ್ತದೆ. 35 ವರ್ಷದೊಳಗಿನವರಲ್ಲೂ ಇದನ್ನು ಅಷ್ಟಾಗಿ ನಂಬುವಂತಿಲ್ಲ.

ಫ್ಯಾಟಿ ಲಿವರ್‌ಗೆ ಮದ್ದು ತೂಕ ಇಳಿಸುವುದು. 80 ಕೆಜಿಯವರು 4 ಕೆಜಿ ಇಳಿಸಿದರೂ ಕೊಬ್ಬು ಕರಗುತ್ತದೆ, ಉರಿಯೂತ ಮತ್ತು ಕಲೆ ಕಡಿಮೆಯಾಗಲು 6ರಿಂದ 8 ಕೆಜಿ ಇಳಿಯಬೇಕು.

ಎಸ್‌ಜಿಒಟಿ ಮುಂದಿದ್ದರೆ

ಫ್ಯಾಟಿ ಲಿವರ್‌ನಲ್ಲಿ ಶುರುವಿಗೆ ಎಸ್‌ಜಿಪಿಟಿಯೇ ಹೆಚ್ಚು. ಎಸ್‌ಜಿಒಟಿ ಅದರ ಎರಡು ಪಟ್ಟು ಮೀರಿ, ಆದರೆ 300ರ ಒಳಗೇ ಇದ್ದು, ಜಿಜಿಟಿಯೂ ಏರಿದ್ದರೆ ಕುಡಿತದ ಕಡೆಗೆ ಬೊಟ್ಟು ಮಾಡುತ್ತದೆ. ‘ಸ್ವಲ್ಪ ಮಾತ್ರ’ ಎಂಬ ಮಾತಿಗೆ ಇಲ್ಲಿ ಲೆಕ್ಕವಿದೆ: 180 ಮಿಲಿಯ ಒಂದು ಕ್ವಾರ್ಟರ್ ವಿಸ್ಕಿಯಲ್ಲಿ ಸುಮಾರು 60 ಗ್ರಾಂ ಶುದ್ಧ ಮದ್ಯಸಾರ ಇರುತ್ತದೆ. ದಿನಾ ಅಷ್ಟು ಹೋಗುತ್ತಿದ್ದರೆ ಲಿವರ್‌ಗೆ ಅದು ಸ್ವಲ್ಪವಲ್ಲ. ವೈದ್ಯರ ಹತ್ತಿರ ಮುಚ್ಚಿಡಬೇಡಿ.

ಎಸ್‌ಜಿಒಟಿ ಸ್ನಾಯುವಿನಲ್ಲೂ ಕೆಂಪು ರಕ್ತಕಣದಲ್ಲೂ ಇದೆ. ಜಿಮ್‌ಗೆ ಸೇರಿದ ಹೊಸತರಲ್ಲಿ, ಮೂಟೆ ಹೊತ್ತ ಮರುದಿನ, ಫಿಟ್ಸ್ ಬಂದ ಮೇಲೆ ಎರಡು ಕಿಣ್ವಗಳೂ ಏರುತ್ತವೆ. ಸ್ನಾಯುವಿನ ಕಿಣ್ವವಾದ ಸಿಪಿಕೆ ಪರೀಕ್ಷೆ ಮಾಡಿಸಿದರೆ ಮೂಲ ಸ್ನಾಯುವೋ ಲಿವರೋ ತಿಳಿಯುತ್ತದೆ. ರಕ್ತ ತೆಗೆಯುವಾಗ ಕಣಗಳು ಒಡೆದರೂ ಎಸ್‌ಜಿಒಟಿ ಏರುತ್ತದೆ. ರಿಪೋರ್ಟ್‌ನ ಕೆಳಗೆ ‘ಹೀಮೊಲೈಸ್ಡ್ ಸ್ಯಾಂಪಲ್’ ಎಂದಿದ್ದರೆ ಹೊಸದಾಗಿ ರಕ್ತ ಕೊಡಿ.

ಎಸ್‌ಜಿಪಿಟಿ ಸಾವಿರ ದಾಟಿದರೆ

ಹೆಪಟೈಟಿಸ್ ಎ ಅಥವಾ ಇ, ಪ್ಯಾರಾಸಿಟಮಾಲ್ ಅತಿಯಾಗಿ ನುಂಗಿದ್ದು, ಬಿಪಿ ಕುಸಿದು ಲಿವರ್‌ಗೆ ರಕ್ತ ಸಾಲದೇ ಹೋದದ್ದು ಇಂಥ ಅಂಕಿಗೆ ಕಾರಣ. ಕೊಳಕು ನೀರಿನಿಂದ ಬರುವ ಎ ಮತ್ತು ಇ ಬಹುಪಾಲು ಜನರಲ್ಲಿ ವಾರಗಳಲ್ಲಿ ತಾನಾಗಿ ಇಳಿಯುತ್ತವೆ. ಆದರೆ ಗರ್ಭಿಣಿಯರಿಗೆ ಇ ಪ್ರಾಣಾಪಾಯ ತರಬಹುದು.

ಇಲ್ಲಿ ಒಂದು ಮೋಸ ಇದೆ. ಎಸ್‌ಜಿಪಿಟಿ 2400ರಿಂದ ನಾಲ್ಕು ದಿನದಲ್ಲಿ 500ಕ್ಕೆ ಇಳಿಯಿತೆಂದು ಮನೆಯವರು ನಿಟ್ಟುಸಿರು ಬಿಡುತ್ತಾರೆ. ಅದೇ ಹೊತ್ತಿಗೆ ಬಿಲಿರುಬಿನ್ ಮತ್ತು ಐಎನ್‌ಆರ್ ಏರುತ್ತಿದ್ದರೆ ಅದು ಚೇತರಿಕೆಯಲ್ಲ, ಸೋರಲು ಕೋಶಗಳೇ ಉಳಿದಿಲ್ಲ ಎಂದರ್ಥ.

ಬಿಲಿರುಬಿನ್ ಮಾತ್ರ ಏರಿದ್ದರೆ

ಡೈರೆಕ್ಟ್ (ಲಿವರ್ ಸಂಸ್ಕರಿಸಿದ್ದು), ಇನ್‌ಡೈರೆಕ್ಟ್ (ಇನ್ನೂ ಸಂಸ್ಕರಿಸದ್ದು) ಎರಡನ್ನೂ ನೋಡಿ. ಒಟ್ಟು 2.1, ಅದರಲ್ಲಿ ಡೈರೆಕ್ಟ್ 0.3, ಉಳಿದೆಲ್ಲ ಕಿಣ್ವ ಸರಿ, ಹಿಮೋಗ್ಲೋಬಿನ್ ಮತ್ತು ರೆಟಿಕ್ಯುಲೋಸೈಟ್ (ಎಳೆಯ ಕೆಂಪು ರಕ್ತಕಣ) ಕೂಡ ಸರಿ ಎಂದಾದರೆ ಅದು ಗಿಲ್ಬರ್ಟ್ ಸಿಂಡ್ರೋಮ್ ಇರಬಹುದು. ಹುಟ್ಟಿನಿಂದ ಬಂದ ಗುಣ, ಚಿಕಿತ್ಸೆ ಬೇಡ. ಉಪವಾಸ ಮಾಡಿದಾಗ, ಜ್ವರ ಬಂದಾಗ ಅಂಕಿ ಏರುತ್ತದೆ, ಊಟ ಮಾಡಿದರೆ ಇಳಿಯುತ್ತದೆ. ಇಂಥವರಿಗೆ ವರ್ಷಗಟ್ಟಲೆ ಕಾಮಾಲೆ ಔಷಧಿ ಕುಡಿಸಿ ಪಥ್ಯ ಹಿಡಿಸುವುದನ್ನು ಕಂಡರೆ ಸಂಕಟವಾಗುತ್ತದೆ. ಡೈರೆಕ್ಟ್ ಏರಿದ್ದರೆ ಮಾತು ಬೇರೆ: ಮೂತ್ರ ಗಾಢ ಬಣ್ಣಕ್ಕೆ ತಿರುಗುತ್ತದೆ. ಮಲ ಸುಣ್ಣದಂತೆ ಬಿಳಿಚಿ, ಮೈ ತುರಿಸಿ, ಎಎಲ್‌ಪಿಯೂ ಏರಿದ್ದರೆ ಪಿತ್ತನಾಳ ಕಟ್ಟಿದೆಯೇ ಎಂದು ಅಲ್ಟ್ರಾಸೌಂಡ್‌ನಲ್ಲಿ ನೋಡಬೇಕು.

ಕರಾವಳಿ, ಮಲೆನಾಡಿನವರು ಇದೊಂದನ್ನು ನೆನಪಿಡಿ. ಮಳೆಗಾಲದಲ್ಲಿ ಗದ್ದೆ, ತೋಟದ ನೀರಲ್ಲಿ ಕೆಲಸ ಮಾಡಿದವರಿಗೆ ಜ್ವರ, ಕಣ್ಣು ಕೆಂಪು, ಮೀನಖಂಡ ಮುಟ್ಟಲಾಗದಷ್ಟು ನೋವು ಬಂದು, ಬಿಲಿರುಬಿನ್ 15 ದಾಟಿದ್ದರೂ ಎಸ್‌ಜಿಪಿಟಿ 200ರ ಒಳಗೇ ಇದ್ದು, ಕಿಡ್ನಿಯ ಸ್ಥಿತಿ ಹೇಳುವ ಕ್ರಿಯಾಟಿನಿನ್ ಏರಿದ್ದರೆ ಅದು ಇಲಿ ಜ್ವರದ ಲಕ್ಷಣ. ಅದಕ್ಕೆ ಆಂಟಿಬಯಾಟಿಕ್ ಬೇಕು. ಕಾಮಾಲೆ ಎಂದುಕೊಂಡು ನಾಟಿ ಔಷಧಿಯಲ್ಲಿ ಮೂರು ದಿನ ಕಳೆದರೆ ಕಿಡ್ನಿ ಕೈಕೊಡುತ್ತದೆ.

ಎಎಲ್‌ಪಿ ಒಂದೇ ಏರಿದ್ದರೆ ಜಿಜಿಟಿ ನೋಡಿ. ಅದು ಸರಿ ಇದ್ದರೆ ಎಎಲ್‌ಪಿ ಬಂದಿರುವುದು ಸಾಮಾನ್ಯವಾಗಿ ಮೂಳೆಯಿಂದ. ಬೆಳೆಯುವ ಮಕ್ಕಳಲ್ಲಿ ಅದು ಸಹಜ, ದೊಡ್ಡವರಲ್ಲಿ ವಿಟಮಿನ್ ಡಿ ಕೊರತೆ ನೋಡಬೇಕು. ಕೊನೆಯ ಮೂರು ತಿಂಗಳ ಗರ್ಭಿಣಿಯರಲ್ಲಿ ಮಾಸಿನಿಂದಲೂ ಏರುತ್ತದೆ. ಆದರೆ ಗರ್ಭಿಣಿಯರಲ್ಲಿ ಎಸ್‌ಜಿಪಿಟಿ ಏರುವುದು ಎಂದೂ ಸಹಜವಲ್ಲ, ಅಂಗೈ ಅಂಗಾಲು ತುರಿಕೆ ಅಥವಾ ಬಿಪಿ ಜೊತೆಗಿದ್ದರೆ ಅಂದೇ ತೋರಿಸಿ.

ಮಾತ್ರೆ, ಕಷಾಯದ ಪಟ್ಟಿ

ಕಳೆದ ಆರು ತಿಂಗಳಲ್ಲಿ ಹೊಟ್ಟೆಗೆ ಹೋದದ್ದೆಲ್ಲವನ್ನೂ ಬರೆಯಿರಿ: ಮಾತ್ರೆ, ಪ್ರೋಟೀನ್ ಪುಡಿ, ಲೇಹ್ಯ, ಕಷಾಯ. ಅಮೃತಬಳ್ಳಿ, ಅಶ್ವಗಂಧ ಸೇವಿಸಿದವರಲ್ಲೂ ಲಿವರ್‌ಗೆ ಪೆಟ್ಟು ಬಿದ್ದ ವರದಿಗಳಿವೆ. ಗಿಡಮೂಲಿಕೆ ಎಂದು ಪಟ್ಟಿಯಿಂದ ಬಿಡಬೇಡಿ. ಕ್ಷಯದ ಮಾತ್ರೆ ನುಂಗುವವರಲ್ಲಿ ವಾಂತಿ, ಹೊಟ್ಟೆನೋವು, ಕಾಮಾಲೆ ಇದ್ದು ಎಸ್‌ಜಿಪಿಟಿ 3 ಪಟ್ಟು ದಾಟಿದರೆ, ಲಕ್ಷಣವಿಲ್ಲದೆ 5 ಪಟ್ಟು ದಾಟಿದರೆ ವೈದ್ಯರು ಮಾತ್ರೆ ನಿಲ್ಲಿಸಿ, ಆಮೇಲೆ ಒಂದೊಂದಾಗಿ ಮತ್ತೆ ಶುರುಮಾಡುತ್ತಾರೆ. ವಾಂತಿ ಅಥವಾ ಕಾಮಾಲೆ ಕಂಡರೆ ಅದೇ ದಿನ ಕ್ಷಯ ಚಿಕಿತ್ಸಾ ಕೇಂದ್ರಕ್ಕೆ ಹೋಗಿ. ಮೈ ಹಗುರವಿದ್ದಾಗ ನಿಮ್ಮಷ್ಟಕ್ಕೆ ನೀವೇ ನಿಲ್ಲಿಸಬೇಡಿ, ಕ್ಷಯ ಮದ್ದಿಗೆ ಬಗ್ಗದಂತಾಗುತ್ತದೆ.

ಸ್ವಲ್ಪ ಏರಿಕೆಯಷ್ಟೇ ಇದ್ದು ಮೈ ಚೆನ್ನಾಗಿದ್ದರೆ, ವೈದ್ಯರು ಕೆಲವು ವಾರ ಬಿಟ್ಟು ಮತ್ತೆ ಪರೀಕ್ಷೆ ಹೇಳುತ್ತಾರೆ. ಅದಕ್ಕೆ ಮುಂಚಿನ ಒಂದು ವಾರ ಭಾರ ಎತ್ತುವ ವ್ಯಾಯಾಮ ಬೇಡ, ಮದ್ಯ ಬೇಡ. ಲ್ಯಾಬ್ ಅದೇ ಇರಲಿ.

ಕಾಯಬಾರದ ಹೊತ್ತು ಇವು: ಕಾಮಾಲೆ ಇದ್ದವರು ಹಗಲಲ್ಲಿ ತೂಕಡಿಸಿ, ಮಾತು ತೊದಲಿ, ಗೊತ್ತುಗುರಿ ಇಲ್ಲದೆ ಮಾತಾಡಿದರೆ, ಐಎನ್‌ಆರ್ 1.5 ಮುಟ್ಟಿದರೆ, ರಕ್ತವಾಂತಿ ಅಥವಾ ಡಾಂಬರಿನಂಥ ಮಲ ಆದರೆ, ಕಾಮಾಲೆಯ ಜೊತೆ ನಡುಕದ ಚಳಿಜ್ವರ, ಹೊಟ್ಟೆನೋವು ಬಂದರೆ. ಇಲಿ ಪಾಷಾಣದ ಪೇಸ್ಟ್ ಹೊಟ್ಟೆಗೆ ಹೋಗಿದ್ದರೆ ಮೊದಲ ದಿನದ ಎಲ್‌ಎಫ್‌ಟಿ ಸರಿ ಬಂತೆಂದು ಮನೆಗೆ ಕರೆತರಬೇಡಿ. ಮೊದಲ ಒಂದೆರಡು ದಿನ ಮನುಷ್ಯ ಚೆನ್ನಾಗಿಯೇ ಇರುತ್ತಾನೆ, ಲಿವರ್ ಕುಸಿಯುವುದು ಆಮೇಲೆ. ಐಸಿಯು ಇರುವ ಆಸ್ಪತ್ರೆಗೆ ಆ ಗಂಟೆಯೇ ಹೊರಡಿ, ಪೇಸ್ಟಿನ ಟ್ಯೂಬ್ ಸಿಕ್ಕರೆ ಜೊತೆಗೆ ಒಯ್ಯಿರಿ.