ಜೂನ್‌ನಲ್ಲಿ ರಜೆ ಹಾಕಿದ್ದೇ ತಪ್ಪಾಯಿತು

ಕಾಸರಗೋಡಿನ ಪೆರ್ಲದ ಹತ್ತಿರದ ತವರುಮನೆಗೆ ಎರಡು ಸೂಟ್‌ಕೇಸು, ಒಂದು ರಟ್ಟಿನ ಪೆಟ್ಟಿಗೆ ತುಂಬ ಪುಸ್ತಕ ಹೊತ್ತು ಬಂದಿಳಿದಾಗ ಅಮ್ಮ ಮೊದಲು ಕೇಳಿದ್ದು, "ಕೆಲಸ ಬಿಟ್ಟು ಬಂದದ್ದಾ ಮಗಳೇ?" ಒಂದು ವರ್ಷ ಪಾಠ ಮಾಡಲಿಕ್ಕಿಲ್ಲ, ಸಂಬಳ ಮಾತ್ರ ಪೂರ್ತಿ ಬರುತ್ತದೆ ಅಂದೆ. ಅಮ್ಮ ನಂಬಲಿಲ್ಲ. ಪಕ್ಕದ ಮನೆಯವರಿಗೆ "ಅವಳಿಗೆ ಸ್ವಲ್ಪ ಹುಷಾರಿಲ್ಲ" ಅಂತ ಹೇಳಿಬಿಟ್ಟರು.

ನಾನು ಘಟ್ಟದ ಮೇಲಿನ ಒಂದು ವಿಶ್ವವಿದ್ಯಾಲಯದಲ್ಲಿ ಕನ್ನಡ ಕಲಿಸುತ್ತೇನೆ. ಯುಜಿಸಿಯ (ವಿಶ್ವವಿದ್ಯಾಲಯ ಅನುದಾನ ಆಯೋಗ) 2018ರ ನಿಯಮದ ಪ್ರಕಾರ, ಅಸೋಸಿಯೇಟ್ ಪ್ರೊಫೆಸರ್ ಅಥವಾ ಪ್ರೊಫೆಸರ್ ಆಗಿ 7 ವರ್ಷ ಮುಗಿಸಿದ ಕಾಯಂ ಅಧ್ಯಾಪಕರು ಸಬ್ಬಾಟಿಕಲ್, ಅಂದರೆ ಪಾಠ ಬಿಟ್ಟು ಸಂಶೋಧನೆ ಮಾಡಲು ಕೊಡುವ ರಜೆ ಕೇಳಬಹುದು. ಒಂದು ಸಲಕ್ಕೆ ಹೆಚ್ಚೆಂದರೆ 1 ವರ್ಷ, ಇಡೀ ಸೇವೆಯಲ್ಲಿ 2 ವರ್ಷ. ಬೇರೆ ಕಡೆ ಕಾಯಂ ನೌಕರಿಗೆ ಸೇರುವ ಹಾಗಿಲ್ಲ. ಹೋಗುವ ಮೊದಲು ಯೋಜನೆ ಕೊಡಬೇಕು, ಬಂದ ಮೇಲೆ ವರದಿ ಕೊಡಬೇಕು. ಸ್ಟಡಿ ಲೀವ್ ಬೇರೆ, ಇದು ಬೇರೆ. ಅದನ್ನು ತೆಗೆದುಕೊಂಡವರು ವಾಪಸಾಗಿ 5 ವರ್ಷ ಕಳೆಯುವ ತನಕ ಇದಕ್ಕೆ ಅರ್ಜಿ ಹಾಕುವಂತಿಲ್ಲ.

ನನ್ನ ವಿಷಯ ಸುರಂಗ ತೋಡುವವರ ಮಾತು. ಕಾಸರಗೋಡು, ದಕ್ಷಿಣ ಕನ್ನಡದ ಕಡೆಯವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಉಳಿದವರಿಗೆ: ಗುಡ್ಡದ ಬದಿಯ ಮುರಕಲ್ಲಿಗೆ, ಅಂದರೆ ಕೆಂಪು ಕಲ್ಲಿಗೆ, ಅಡ್ಡಕ್ಕೆ ತೋಡುತ್ತಾ ಹೋಗುತ್ತಾರೆ. ಒಬ್ಬ ಮನುಷ್ಯ ನಡೆಯುವಷ್ಟು ಅಗಲ. ಒಳಗೆ ಒಸರುವ ನೀರು ತಾನಾಗಿ ಹರಿದು ಹೊರಗಿನ ಟ್ಯಾಂಕಿಗೆ ಬರುತ್ತದೆ. ಪಂಪು ಬೇಡ, ಕರೆಂಟು ಬೇಡ. ಕೊಳವೆ ಬಾವಿ ಬಂದ ಮೇಲೆ ತೋಡುವವರು ಕಡಿಮೆಯಾದರು. ಅವರ ಜೊತೆ ಅವರ ಮಾತೂ ಹೋಗುತ್ತಿದೆ.

ಅರ್ಜಿಯಲ್ಲಿ ನಾನು ಬರೆದದ್ದು ಒಂದು ಪದಕೋಶ, ಎರಡು ಲೇಖನ, ಒಂದು ಪುಸ್ತಕ, ಎಂ.ಎ. ತರಗತಿಗೆ ಕಲಿಸುವ ಒಂದು ಹೊಸ ಪತ್ರಿಕೆ (ಪೇಪರ್). ಓದಿದ ಸಹೋದ್ಯೋಗಿಯೊಬ್ಬರು ನಕ್ಕು, "ಮೇಡಂ, ಇದು ರಜೆಯೋ ಪಂಚವಾರ್ಷಿಕ ಯೋಜನೆಯೋ?" ಅಂದರು. ಆದರೆ ನನ್ನ ದೊಡ್ಡ ತಪ್ಪು ಅವರಿಗೂ ಕಾಣಲಿಲ್ಲ, ನನಗೂ ಕಾಣಲಿಲ್ಲ. ಅದು ಇದ್ದದ್ದು ತಾರೀಕಿನಲ್ಲಿ. ಜೂನ್ 1ರಿಂದ ಮೇ 31ರವರೆಗೆ ಅಂತ ಬರೆದಿದ್ದೆ. ಕಾಲೇಜಿನ ಲೆಕ್ಕಕ್ಕೆ ಸರಿ. ಆದರೆ ಜೂನ್‌ನಲ್ಲಿ ಯಾರು ಸುರಂಗ ತೋಡುತ್ತಾರೆ? ಇದೇ ಊರಲ್ಲಿ ಹುಟ್ಟಿ ಬೆಳೆದವಳಿಗೆ ಅಷ್ಟೂ ಹೊಳೆಯಲಿಲ್ಲ ಅಲ್ವಾ ಅಂತ ಈಗಲೂ ನಾಚಿಕೆಯಾಗುತ್ತದೆ.

ಸುರಂಗ ತೋಡುವ ಅಜ್ಜನೊಬ್ಬರ ಮನೆಗೆ ಜಡಿಮಳೆಯಲ್ಲಿ ಕೊಡೆ ಹಿಡಿದು ಹೋದೆ. "ಈಗ ಒಳಗೆ ಹೋಗ್ಲಿಕ್ಕಿಲ್ಲ ಟೀಚರ್, ಮಣ್ಣು ಜಾರ್ತದೆ. ತುಲಾ ತಿಂಗಳು ಕಳೀಲಿ" ಅಂದರು. ಅಂದರೆ ನವೆಂಬರ್ ನಡುವಿನ ತನಕ ಕಾಯಬೇಕು. ಸರಿ, ಜಗಲಿಯಲ್ಲೇ ಕೂತು ಕೇಳೋಣ ಅಂತ 180 ಪ್ರಶ್ನೆಗಳ ಪಟ್ಟಿ ತೆಗೆದೆ. ಪಿಕ್ಕಾಸಿನಿಂದ ಮೊದಲು ಮಾಡುವ ಕೆಲಸಕ್ಕೆ ಏನು ಹೇಳುತ್ತೀರಿ? "ಅಗೆಯುವುದು." ಆಮೇಲೆ? "ಅಗೆಯುವುದು." ಕೊನೆಗೆ? ಅಜ್ಜ ನನ್ನನ್ನೇ ನೋಡಿದರು. "ಅಗೆದು ಮುಗಿಸುವುದು." ಅವರ ಸೊಸೆ ಬಾಗಿಲ ಸಂದಿಯಲ್ಲಿ ನಿಂತು ನಗುತ್ತಿದ್ದಳು.

ಮಳೆಗಾಲ ಹೀಗೇ ಹೋಯಿತು. ಪಿಎಚ್‌ಡಿ ಮಕ್ಕಳ ಫೋನು ನಿಲ್ಲಲಿಲ್ಲ. ರಜೆ ನನಗೆ, ಅವರಿಗಲ್ಲವಲ್ಲ. ಅದರ ಮೇಲೆ ಪೂಜೆ, ಮದುವೆ, ಬೊಜ್ಜ (ಉತ್ತರಕ್ರಿಯೆ). ಊರಲ್ಲೇ ಇದ್ದಾಳೆ ಅಂದ ಮೇಲೆ ಬರುವುದಿಲ್ಲ ಅನ್ನಲಿಕ್ಕಾಗುತ್ತದಾ? ತವರಲ್ಲಿ ಕೂತು ಸಂಶೋಧನೆ ಮಾಡುವವರು ಬಾಗಿಲು ಹಾಕಿಕೊಳ್ಳಲಿಕ್ಕೆ ಬರುವ ಒಂದು ಕೋಣೆಯನ್ನು ಮೊದಲೇ ಕೇಳಿಟ್ಟುಕೊಳ್ಳಿ. ನನಗೆ ಸಿಕ್ಕಿದ್ದು ಅಡಿಕೆ ಮೂಟೆಗಳ ಪಕ್ಕದ ಅಟ್ಟ.

ಆ ತಿಂಗಳುಗಳಲ್ಲಿ ಉಪಯೋಗಕ್ಕೆ ಬಂದ ಒಂದೇ ಕೆಲಸ ಯೋಜನೆಯಲ್ಲೇ ಇರಲಿಲ್ಲ. ಹತ್ತಿರದ ಕನ್ನಡ ಮಾಧ್ಯಮದ ಹೈಸ್ಕೂಲಿನಲ್ಲಿ ಕೇಳಿಕೊಂಡು ಬುಧವಾರ ಮಧ್ಯಾಹ್ನ ಒಂದು ಪಿರಿಯಡ್ ತೆಗೆದುಕೊಂಡೆ. ಒಂಬತ್ತನೇ ಕ್ಲಾಸಿನ ಮಕ್ಕಳಿಗೆ ಹೇಳಿದ್ದು ಇಷ್ಟೇ: ಮನೆಯಲ್ಲಿ ಈ ಕಲ್ಲಿಗೆ ಏನು ಹೇಳುತ್ತಾರೆ, ಕೇಳಿಕೊಂಡು ಬನ್ನಿ. ಒಬ್ಬ ಮುರಕಲ್ಲು ಅಂದ, ಒಬ್ಬಳು ಚೆಂಗಲ್ಲು, ಇನ್ನೊಬ್ಬ ಸುಮ್ನೆ ಕೆಂಪು ಕಲ್ಲು. ಮನೆಯಲ್ಲಿ ತುಳು, ಹವ್ಯಕ ಕನ್ನಡ, ಮಲಯಾಳ, ಮರಾಠಿ, ಬ್ಯಾರಿ ಆಡುವ ಮಕ್ಕಳೆಲ್ಲ ಒಂದೇ ಬೆಂಚಿನಲ್ಲಿದ್ದರು. ಸುರಂಗಕ್ಕೆ ಮಲಯಾಳದಲ್ಲಿ ತುರಂಗ ಅಂದಾಗ ಹಿಂದಿನ ಸಾಲಿನಲ್ಲಿ ಯಾವುದು ಸರಿ ಅಂತ ಜಗಳವೇ ಶುರುವಾಯಿತು. ಎಂ.ಎ. ಪತ್ರಿಕೆ ಹೇಗಿರಬೇಕು ಅಂತ ನನಗೆ ಅಂದಾಜಾದದ್ದು ಆ ಗದ್ದಲದಲ್ಲಿ.

ಡಿಸೆಂಬರಿನಲ್ಲಿ ಅಜ್ಜನೇ ಹೇಳಿ ಕಳಿಸಿದರು. ಹಳೆಯ ಸುರಂಗವೊಂದನ್ನು ಮುಂದಕ್ಕೆ ತೋಡುವ ಕೆಲಸ. ಚಪ್ಪಲಿ ಹೊರಗೆ ಬಿಟ್ಟು ಒಳಗೆ ಹೋದೆ. ಪಾದ ಮುಳುಗುವಷ್ಟು ತಣ್ಣೀರು. ಎರಡು ಭುಜವೂ ಗೋಡೆಗೆ ತಾಗುತ್ತಿತ್ತು, ತಿರುಗಬೇಕಾದರೆ ಓರೆಯಾಗಬೇಕು. ಮುಂದೆ ಅಜ್ಜ, ಅವರ ಕೈಯಲ್ಲಿ ಉರಿಯುವ ಮೇಣದ ಬತ್ತಿ. ನನ್ನ ಹತ್ತಿರ ಒಳ್ಳೇ ಟಾರ್ಚ್ ಇದೆ ಅಂದೆ. "ಟಾರ್ಚಿಗೆ ಉಸಿರು ಬೇಡ ಟೀಚರ್. ಇದಕ್ಕೆ ಬೇಕು. ಇದು ಸಣ್ಣಗಾದರೆ ನಾವು ಹೊರಗೆ." ಆಮೇಲೆ ಬೆರಳಿನಿಂದ ಗೋಡೆ ಮುಟ್ಟುತ್ತಾ ಹೇಳುತ್ತಾ ಹೋದರು. ಇದು ಮುರ, ಇಲ್ಲಿಂದ ಜೇಡಿ, ಇಗೋ ಇಲ್ಲಿ ಒಸರು. ಉದ್ದದ ಲೆಕ್ಕ ಕೋಲಿನಲ್ಲಿ, ಒಂದು ಕೋಲು ಅಂದರೆ ಸುಮಾರು ಎರಡೂವರೆ ಅಡಿ. ಕೂಲಿಯೂ ಕೋಲಿನ ಲೆಕ್ಕಕ್ಕೇ. ಜಗಲಿಯಲ್ಲಿ ಬಾಯಿ ಬಿಡದ ಮನುಷ್ಯ ಅರ್ಧ ಗಂಟೆಯಲ್ಲಿ 40 ಮಾತು ಕೊಟ್ಟರು. ಪ್ರಶ್ನೆಗಳ ಪಟ್ಟಿ ನನ್ನ ಚೀಲದಲ್ಲೇ ಒದ್ದೆಯಾಯಿತು.

ಅಲ್ಲಿಂದ ಮೇ ತನಕ ಕೆಲಸವೋ ಕೆಲಸ. ರೆಕಾರ್ಡಿಂಗ್ ಜಾಸ್ತಿಯಾಯಿತು, ಕೂತು ಬರೆಯಲು ದಿನವೇ ಉಳಿಯಲಿಲ್ಲ. ಮೇ 31ಕ್ಕೆ ನನ್ನ ಕೈಯಲ್ಲಿದ್ದದ್ದು 340 ಮಾತುಗಳ ಪಟ್ಟಿ, ಒಂದು ಲೇಖನ, ಹೊಸ ಪತ್ರಿಕೆಯ ಪಠ್ಯಕ್ರಮ. ಪುಸ್ತಕ ಇಲ್ಲ. ವರದಿಯಲ್ಲಿ "ಪುಸ್ತಕ ಅಂತಿಮ ಹಂತದಲ್ಲಿದೆ" ಅಂತ ಬರೆಯುವುದು ವಾಡಿಕೆ. ನಾನು ಬರೆಯಲಿಲ್ಲ. ಆಗಿಲ್ಲ, ಯಾಕೆ ಆಗಿಲ್ಲ ಅಂತ ಒಂದು ಪುಟ ಬರೆದೆ. ಯಾರೂ ಏನೂ ಕೇಳಲಿಲ್ಲ. ಕಚೇರಿಯಲ್ಲಿ ತಕರಾರು ಬಂದದ್ದು ಬೇರೆಯದಕ್ಕೆ: ರಜೆಯ ಆದೇಶ ಸರ್ವಿಸ್ ರಿಜಿಸ್ಟರಿಗೆ ಹತ್ತಿರಲಿಲ್ಲ, ಎರಡು ತಿಂಗಳು ಸಂಬಳ ನಿಂತಿತು. ಆದೇಶದ ಪ್ರತಿ ನಿಮ್ಮ ಹತ್ತಿರವೂ ಒಂದು ಇರಲಿ.

ಎಂ.ಎ. ಪತ್ರಿಕೆ ನಡೆಯುತ್ತಿದೆ. ಪ್ರತಿ ವಿದ್ಯಾರ್ಥಿ ತನ್ನೂರಿನ ಒಂದು ಕಸುಬಿನ ಮಾತು ಕೂಡಿಸಿ ತರಬೇಕು, ಕಸುಬು ನಡೆಯುವ ಜಾಗದಲ್ಲೇ ನಿಂತು. ಮಗ್ಗ, ಕುಂಬಾರಿಕೆ, ಬಲೆ ಹೆಣೆಯುವುದು ಬಂದಿದೆ. ಊರಿಗೆ ಹೊರಡುವ ಮೊದಲು ಆ ಕೆಲಸ ಯಾವ ತಿಂಗಳಲ್ಲಿ ನಡೆಯುತ್ತದೆ ಅಂತ ಬರೆದುಕೊಡಿ ಅನ್ನುತ್ತೇನೆ. ಯಾಕೆ ಅಂತ ಅವರಿಗೆ ಗೊತ್ತಿಲ್ಲ.

ನನಗಿನ್ನೂ ಒಂದು ವರ್ಷದ ರಜೆ ಬಾಕಿ ಉಂಟು. ಈ ಸಲ ಡಿಸೆಂಬರ್ 1ರಿಂದ ಅಂತ ಕರಡು ಅರ್ಜಿ ಬರೆದು ತೋರಿಸಿದೆ. ಸೆಮಿಸ್ಟರ್ ನಡುವೆ ಹೇಗಾಗುತ್ತದೆ ಅಂತ ವಿಭಾಗದ ಮುಖ್ಯಸ್ಥರು ತಲೆ ಕೆರೆದುಕೊಂಡರು. ಅದಕ್ಕೆ ಮೊದಲಿನ ತಿಂಗಳುಗಳಲ್ಲಿ ಎರಡು ಪತ್ರಿಕೆ ಜಾಸ್ತಿ ತೆಗೆದುಕೊಳ್ಳುತ್ತೇನೆ ಅಂದಿದ್ದೇನೆ. ನೋಡೋಣ ಅಂದಿದ್ದಾರೆ.